ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಲೇಹ್‌ವರೆಗೆ

ಹುಬ್ಬಳ್ಳಿ, ಬೆಂಗಳೂರು, ಮಂಗಳೂರು, ದಿಲ್ಲಿ, ಲೇಹ್. ಈ ಸಲ ದಸರಾ ರಜೆಗೆ ನಮ್ಮ ಗುಂಪು ಹಾಕಿಕೊಂಡ ದಾರಿ ಇದು. ಗುರುವಾರ ಹೊರಟು ಭಾನುವಾರ ಮುಟ್ಟಬೇಕು. ಹಾರಾಟವೆಲ್ಲ ಸಿಮ್ಯುಲೇಟರ್‌ನಲ್ಲೇ, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶದಲ್ಲಿ. ಆದರೆ ಕೆಲವು ಕಟ್ಟುನಿಟ್ಟು ಇವೆ. ಜೆಟ್ ವಿಮಾನಗಳೇ ಆಗಬೇಕು. ಎಲ್ಲರೂ ಒಟ್ಟಿಗೆ ಹೊರಟು ಒಟ್ಟಿಗೆ ಇಳಿಯಬೇಕು. ಮಳೆ, ಗಾಳಿ, ಮೋಡ ಎಲ್ಲ ಆ ಹೊತ್ತಿಗೆ ಅಲ್ಲಿ ನಿಜವಾಗಿ ಇರುವಂಥದ್ದೇ. ಸಮಯ ಓಡಿಸುವ ಹಾಗಿಲ್ಲ. ಎರಡು ಗಂಟೆ ದಾರಿ ಅಂದರೆ ಎರಡು ಗಂಟೆ ಕೂತೇ ಹೋಗಬೇಕು.

ನಮ್ಮ ಜಾಗ ದಾವಣಗೆರೆಯ ವಿದ್ಯಾನಗರ. ಗುಂಪಿನ ಹಿರಿಯರಾದ ಡಾಕ್ಟರ ಮನೆಯ ಮಹಡಿ ಮೇಲೆ ಒಂದು ಹಾಲ್ ಇದೆ. ಅಲ್ಲಿ ಮೂರು ಕಂಪ್ಯೂಟರ್ ಜೋಡಿಸಿದ್ದೇವೆ. ಡಾಕ್ಟರು, ನಾನು, ಇಂಜಿನಿಯರಿಂಗ್ ಓದುವ ಹರಿಹರದ ಹುಡುಗ ಅಲ್ಲಿ ಕೂರುತ್ತೇವೆ. ಚಿತ್ರದುರ್ಗದ ಅಕ್ಕ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಾರೆ, ಅವರು ತಮ್ಮ ಮನೆಯಿಂದಲೇ ಹಾರುತ್ತಾರೆ. ಚಳ್ಳಕೆರೆಯ ಮೇಷ್ಟ್ರೂ ಹಾಗೇ. ಮಾತಿಗೆ ಡಿಸ್ಕಾರ್ಡ್, ಕಿವಿಗೆ ಹೆಡ್‌ಫೋನ್. ಸಿಮ್ಯುಲೇಟರ್ 2020ರಲ್ಲಿ ಬಂದ ಮೈಕ್ರೋಸಾಫ್ಟ್‌ನದು. ಎಲ್ಲರೂ ಒಂದೇ ಸರ್ವರ್ ಆರಿಸಿಕೊಂಡರೆ ಒಬ್ಬರ ವಿಮಾನ ಇನ್ನೊಬ್ಬರ ಆಕಾಶದಲ್ಲಿ ಕಾಣುತ್ತದೆ.

ಒಬ್ಬರೇ ಕೂತು ಜೆಟ್ ಹಾರಿಸುವವರು ತುಂಬಾ ಜನ ಇದ್ದಾರೆ. ಆಟೋಪೈಲಟ್ ಹಾಕಿ, ಊಟ ಮುಗಿಸಿ ಬಂದು, ಇಳಿಸಿ ಎದ್ದು ಹೋಗಬಹುದು. ಅದರಲ್ಲಿ ಕಲಿಯೋದು ಕಮ್ಮಿ ಅಂತ ನನ್ನ ಅನಿಸಿಕೆ. ಮುಂದೆ ಒಬ್ಬರು, ಹಿಂದೆ ಒಬ್ಬರು ಇದ್ದಾಗಲೇ ಜೆಟ್‌ನ ವೇಗ ಏನು ಅಂತ ಕೈಗೆ ಗೊತ್ತಾಗೋದು.

ಗುರುವಾರ: ಹುಬ್ಬಳ್ಳಿಯಿಂದ ಬೆಂಗಳೂರು

ದಾವಣಗೆರೆಗೆ ವಿಮಾನ ನಿಲ್ದಾಣ ಇಲ್ಲ, ಚಿತ್ರದುರ್ಗಕ್ಕೂ ಇಲ್ಲ. ಅದಕ್ಕೇ ಹುಬ್ಬಳ್ಳಿಯಿಂದ ಶುರು. ಮೊದಲ ದಿನ ಎಲ್ಲರಿಗೂ ಒಂದೇ ವಿಮಾನ, ಸೆಸ್ನಾ ಸೈಟೇಷನ್ ಸಿಜೆ4. ಬಾಲದ ಹತ್ತಿರ ಎರಡು ಪುಟ್ಟ ಎಂಜಿನ್. ಒಬ್ಬರೇ ಪೈಲಟ್ ಸಾಕು. 45,000 ಅಡಿವರೆಗೆ ಏರುವ ತಾಕತ್ತಿದೆ. ಆದರೆ ನಾವು ಹತ್ತು ಸಾವಿರ ಅಡಿ ದಾಟಲಿಲ್ಲ. ನಮ್ಮ ಸೀಮೆ ನೋಡಿಕೊಂಡು ಹೋಗಬೇಕಿತ್ತು, ಅದಕ್ಕೆ.

ನಿಮಿಷಕ್ಕೊಂದು ವಿಮಾನದ ಹಾಗೆ ಎದ್ದೆವು. ವೇಗ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. ಈ ವೇಗದಲ್ಲಿ ಒಂದು ನಿಮಿಷಕ್ಕೆ ನಾಲ್ಕು ನಾಟಿಕಲ್ ಮೈಲಿಗಿಂತ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್) ಸ್ವಲ್ಪ ಜಾಸ್ತಿ ದೂರ ಹೋಗುತ್ತೇವೆ. ಮುಂದಿನವರು ಗಾಜಿನಲ್ಲಿ ಒಂದು ಚುಕ್ಕಿ, ಅಷ್ಟೇ.

ರಾಷ್ಟ್ರೀಯ ಹೆದ್ದಾರಿ 48 ಹಿಡಿದುಕೊಂಡು ಹೋದರೆ ನಮ್ಮೂರು ತಪ್ಪೋದಿಲ್ಲ. ಹಾವೇರಿ, ರಾಣೆಬೆನ್ನೂರು, ಆಮೇಲೆ ಹರಿಹರದಲ್ಲಿ ತುಂಗಭದ್ರೆ. ಮಳೆಗಾಲ ಮುಗಿದ ಹೊತ್ತು, ಹೊಳೆ ತುಂಬಿ ಹರಿಯುತ್ತಿರಬೇಕು. ಸಿಮ್ಯುಲೇಟರ್‌ನಲ್ಲಿ ಮಾತ್ರ ನೆಲಕ್ಕೆ ಇರೋದು ಉಪಗ್ರಹದ ಫೋಟೋ. ಫೋಟೋ ತೆಗೆದ ದಿನ ಹೊಳೆ ಹೇಗಿತ್ತೋ ವರ್ಷವಿಡೀ ಹಾಗೇ ಇರುತ್ತದೆ. ಮರಳದಿಬ್ಬ ಎದ್ದು ಕಾಣುತ್ತಿತ್ತು. ಮೋಡ ಇವತ್ತಿನದು, ಹೊಳೆ ಯಾವುದೋ ಬೇಸಿಗೆಯದು.

ದಾವಣಗೆರೆ ಬಂದಾಗ ಎಲ್ಲರೂ ಒಟ್ಟಿಗೇ ಮಾತಾಡೋಕೆ ಶುರು ಮಾಡಿದರು. ಮೊದಲು ಕಂಡದ್ದು ಕುಂದುವಾಡ ಕೆರೆ. ಅದನ್ನು ಹಿಡಿದು ಹೆದ್ದಾರಿ, ಹೆದ್ದಾರಿಯಿಂದ ಬಡಾವಣೆಗಳು. ಇಲ್ಲಿ ಕಟ್ಟಡಗಳನ್ನು ಯಾರೂ ಕೂತು ಬಿಡಿಸಿಲ್ಲ. ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಅನ್ನುವ ಕಂಪನಿಯ ತಂತ್ರಾಂಶ ಉಪಗ್ರಹದ ಫೋಟೋದಲ್ಲಿ ಮಾಳಿಗೆಗಳನ್ನು ಗುರುತಿಸಿ, ಮೇಲೆ ತಾನೇ ಮನೆ ಎಬ್ಬಿಸುತ್ತದೆ. ಹಾಗಾಗಿ ಬೀದಿಗಳೆಲ್ಲ ಸರಿಯಾಗಿವೆ, ಮನೆಗಳು ಮಾತ್ರ ನಮ್ಮವಲ್ಲ. ಗಾಜಿನಮನೆ ಗಾಜಿನಮನೆಯಾಗಿ ಕಾಣೋದಿಲ್ಲ. ಹುಡುಗ ಅದನ್ನು ತಾನೇ ಮಾಡಿ ಹಾಕ್ತೀನಿ ಅಂತ ಹೊರಟಿದ್ದಾನೆ. ಮಾಡಬೇಕಾದ ಕೆಲಸ ಅದು.

ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದರೂ ಗೊತ್ತಾಗದ ಒಂದು ಸಂಗತಿ ಮೇಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ಬಲಗಡೆ ಭದ್ರಾ ನಾಲೆಯ ಗದ್ದೆ, ತೋಟ, ದಟ್ಟ ಹಸಿರು. ಎಡಗಡೆ ಜಗಳೂರಿನ ಕಡೆ ಕೆಂಪು, ಕಂದು, ಬಯಲು. ನಾಲೆಯ ನೀರು ಎಲ್ಲಿಗೆ ನಿಂತಿತೋ ಅಲ್ಲಿಗೆ ಬಣ್ಣ ಬದಲಾಗುತ್ತದೆ. ಡಾಕ್ಟರು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹತ್ರ ಬರೋ ಪೇಷೆಂಟ್ಸ್ ಯಾವ ಊರಿನವರು ಅಂತ ಇದರಲ್ಲೇ ಹೇಳಬಹುದು ನೋಡ್ರಿ" ಅಂದರು.

ಅಲ್ಲಿಂದ ಚಿತ್ರದುರ್ಗಕ್ಕೆ ಏಳೆಂಟು ನಿಮಿಷ. ಬಂಡೆಗಳ ರಾಶಿ ದೂರದಿಂದಲೇ ಗೊತ್ತಾಯಿತು, ಏಳು ಸುತ್ತಿನ ಗೋಡೆಗಳು ಮಾತ್ರ ಫೋಟೋದ ಗೆರೆಗಳಾಗಿ ಉಳಿದಿದ್ದವು. "ನಮ್ಮನೆ ಮೇಲೆ ಬಂದ್ರಿ, ಕೈ ಬೀಸ್ರಿ" ಅಂದರು ಅಕ್ಕ.

ಮೇಷ್ಟ್ರಿಗೆ ಎಡಗಡೆ ನೋಡುವ ತವಕ. ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆಯಲ್ಲ, 2017ರಲ್ಲಿ ಶುರುವಾದದ್ದು. ಇಸ್ರೋ ತನ್ನ ರೆಕ್ಕೆಯ ವಾಹನ ಪುಷ್ಪಕ್ ಅನ್ನು ಇಳಿಸಿ ನೋಡಿದ್ದು ಅಲ್ಲೇ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ತಳ್ಳಲು ಎಂಜಿನ್ ಇಲ್ಲ. ತಾನೇ ದಾರಿ ತಿದ್ದಿಕೊಂಡು ಬಂದು ರನ್‌ವೇ ಮುಟ್ಟಿತು. ಮೂರನೇ ಸಲ ಇಳಿದ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಜಾಸ್ತಿ. ಪ್ರಯಾಣಿಕರ ವಿಮಾನ ಇಳಿಯೋದು 260ರ ಸುಮಾರಿಗೆ. "ಅದಕ್ಕೆ ಎರಡನೇ ಚಾನ್ಸೇ ಇಲ್ರಿ. ಮತ್ತೆ ಮೇಲೇರಿ ಸುತ್ತು ಹಾಕೋಣ ಅಂದ್ರೆ ಆಗಲ್ಲ" ಅಂದರು ಮೇಷ್ಟ್ರು. ಆ ಮಾತು ಮುಂದೆ ಮಂಗಳೂರಿನಲ್ಲಿ ಮತ್ತೆ ಬಂತು.

ಬೆಂಗಳೂರು ಹತ್ತಿರವಾದಾಗ ಗುಂಪಿನ ನಿಜವಾದ ಕೆಲಸ ಶುರು. ಮುಂದಿನ ವಿಮಾನ ಇಳಿಯಲು 110 ನಾಟ್‌ಗೆ ಬಂದಿದೆ, ಹಿಂದಿನದು ಇನ್ನೂ 250ರಲ್ಲೇ ಇದೆ ಅಂತಿಟ್ಟುಕೊಳ್ಳಿ. ನಾಲ್ಕು ಮೈಲಿ ಅಂತರ ಎರಡೇ ನಿಮಿಷದಲ್ಲಿ ಕರಗಿ ಹೋಗುತ್ತದೆ. ನಮ್ಮ ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲ್‌ಗೆ ಬಂದಾಗ ಲಾರಿಗಳು ಒತ್ತೊತ್ತಾಗುತ್ತವಲ್ಲ, ಹಾಗೆ. ಲಾರಿಯಾದರೆ ಬ್ರೇಕ್ ಹಾಕಿ ನಿಲ್ಲುತ್ತದೆ. ಜೆಟ್ ನಿಲ್ಲೋದಿಲ್ಲ. ಮೈ ನುಣುಪು, ಗಾಳಿಯಲ್ಲಿ ಜಾರುತ್ತಲೇ ಇರುತ್ತದೆ. ಇಳಿಯುತ್ತಾ ವೇಗ ಕಮ್ಮಿ ಮಾಡೋದು ಇನ್ನೂ ಕಷ್ಟ.

ಅಕ್ಕ ಇದನ್ನು ಲೆಕ್ಕ ಹಾಕಿ ಮೊದಲೇ ಹೇಳಿದ್ದರು. ಎಲ್ಲರೂ ಒಂದೇ ಜಾಗದ ಮೇಲೆ ಬಂದಾಗ ವೇಗ ಇಳಿಸಿದರೆ ಸಮಯದ ಅಂತರ ಹಾಗೇ ಉಳಿಯುತ್ತದೆ, ಮೈಲಿಯ ಅಂತರ ಮಾತ್ರ ಕುಗ್ಗುತ್ತದೆ. ಆದರೆ ಒಂದು ನಿಮಿಷದ ಅಂತರದಲ್ಲಿ ಇಳಿದರೆ ಮುಂದಿನವರು ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗೋಕೆ ಸಮಯ ಸಾಲದು. ಹಾಗಾಗಿ ತುಮಕೂರು ಬರುವ ಹೊತ್ತಿಗೇ ಹಿಂದಿನವರು ಮೊದಲು ನಿಧಾನವಾಗಿ, ಅಂತರವನ್ನು ಎರಡು ನಿಮಿಷಕ್ಕೆ ಎಳೆಯಬೇಕು. ಸಾಲಿನ ಕೊನೆಯವರು ಎಲ್ಲರಿಗಿಂತ ಮುಂಚೆ ಯೋಚಿಸಬೇಕು ಅಂತಾಯಿತು. ಕೊನೆಯಲ್ಲಿದ್ದದ್ದು ಹುಡುಗ. ಚೆನ್ನಾಗಿ ಮಾಡಿದ. 4,000 ಮೀಟರ್ ಉದ್ದದ ರನ್‌ವೇ, ಎಲ್ಲರೂ ಆರಾಮಾಗಿ ಇಳಿದೆವು.

ಶುಕ್ರವಾರ: ಬೆಂಗಳೂರಿನಿಂದ ಮಂಗಳೂರು

ಡಾಕ್ಟರು, ಅಕ್ಕ, ನಾನು ಏರ್‌ಬಸ್ ಎ320 ನಿಯೋಗೆ ಹತ್ತಿದೆವು. ಫ್ಲೈಬೈವೈರ್ ಅನ್ನುವ ಸ್ವಯಂಸೇವಕರ ತಂಡ ಅದನ್ನು ಮಾಡಿ ಉಚಿತವಾಗಿ ಕೊಟ್ಟಿದೆ. ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ವಿಮಾನಗಳಿಗಿಂತ ಅದೇ ಮೇಲು ಅಂತೀನಿ ನಾನು. ಮೇಷ್ಟ್ರು, ಹುಡುಗ ಸಿಜೆ4ರಲ್ಲೇ ಉಳಿದರು. ಇಳಿಯುವಾಗ ಎ320ರ ವೇಗ ಜಾಸ್ತಿ. ಅದಕ್ಕೆ ನಾವು ಮುಂದೆ, ಅವರು ಹಿಂದೆ.

ದಾರಿ ಚಿಕ್ಕದು, 28,000 ಅಡಿಗೆ ಏರಿ ಕಾಲು ಚಾಚುವಷ್ಟರಲ್ಲಿ ಇಳಿಯುವ ಲೆಕ್ಕ ಬರುತ್ತದೆ. ಆ ಲೆಕ್ಕ ಸುಲಭ: ಎತ್ತರ ಎಷ್ಟು ಸಾವಿರ ಅಡಿ ಇದೆಯೋ ಅದನ್ನು ಮೂರರಿಂದ ಗುಣಿಸಿ. 28ಕ್ಕೆ 84. ಅಷ್ಟು ನಾಟಿಕಲ್ ಮೈಲಿ ಇರುವಾಗಲೇ ಇಳಿಯಲು ಶುರು ಮಾಡಬೇಕು. ಅಂದರೆ ಹಾಸನಕ್ಕೂ ಮುಂಚೆ. ಘಟ್ಟದ ಮೇಲೆ ಮಧ್ಯಾಹ್ನದ ಮೋಡ ಗುಡ್ಡೆ ಬಿದ್ದಿತ್ತು. ಒಳಗೆ ಹೊಕ್ಕಾಗ ಮೂರೂ ಎ320ಗಳು ಅಲ್ಲಾಡಿದವು.

ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ್ದು. ಉದ್ದ 2,450 ಮೀಟರ್. ತುದಿ ದಾಟಿದರೆ ಕೆಳಗೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇಲ್ಲಿ ರನ್‌ವೇ ಮೀರಿ ಹೋಗಿ 158 ಜನ ತೀರಿಕೊಂಡರು. ಬದುಕಿದವರು ಎಂಟೇ ಜನ. ಇರಬೇಕಾದ ಎತ್ತರಕ್ಕಿಂತ ಮೇಲಿಂದ ಬಂದು, ರನ್‌ವೇಯಲ್ಲಿ ತುಂಬಾ ಮುಂದೆ ನೆಲ ಮುಟ್ಟಿತ್ತು. ಸರಿಯಿಲ್ಲದ ಇಳಿಕೆಯನ್ನು ಅಲ್ಲಿಗೇ ಬಿಟ್ಟು ಮತ್ತೆ ಮೇಲೇರಲಿಲ್ಲ ಅನ್ನೋದೇ ಮುಖ್ಯ ಕಾರಣ ಅಂತ ವಿಚಾರಣೆಯಲ್ಲಿ ಬಂತು. ಸಹಪೈಲಟ್ 'ಗೋ ಅರೌಂಡ್' ಅಂತ ಹೇಳಿದ್ದರೂ ಇಳಿಕೆ ನಿಲ್ಲಲಿಲ್ಲ. ಸಿಮ್ಯುಲೇಟರ್‌ನಲ್ಲಿ ಯಾರ ಪ್ರಾಣವೂ ಹೋಗೋದಿಲ್ಲ, ನಿಜ. ಆದರೂ ಅಲ್ಲಿ ಇಳಿಯುವಾಗ ಹಗುರವಾಗಿ ತಗೊಳ್ಳೋದು ನಮಗೆ ಆಗೋದಿಲ್ಲ.

ಅದಕ್ಕೇ ಗುಂಪಿನಲ್ಲಿ ಒಂದು ನಿಯಮ. ನೆಲದಿಂದ ಸಾವಿರ ಅಡಿ ಮೇಲೆ ಬಂದಾಗ ಪ್ರತಿಯೊಬ್ಬರೂ ಜೋರಾಗಿ ಹೇಳಬೇಕು: ವೇಗ ಸರಿ, ಗೇರ್ ಇಳಿದಿದೆ, ಫ್ಲ್ಯಾಪ್ ಪೂರ್ತಿ, ದಾರಿ ಸರಿ. ಗೇರ್ ಅಂದರೆ ವಿಮಾನದ ಚಕ್ರ, ಫ್ಲ್ಯಾಪ್ ಅಂದರೆ ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಚಾಚುವ ಪಟ್ಟಿ. ಒಂದು ಸರಿಯಿಲ್ಲದಿದ್ದರೂ ಮೇಲೆ ಹೋಗಬೇಕು. ಯಾಕೆ ಹೋದಿರಿ ಅಂತ ಯಾರೂ ಕೇಳುವ ಹಾಗಿಲ್ಲ.

ಎ320ಗಳು ಒಂದರ ಹಿಂದೆ ಒಂದು ಇಳಿದವು. ಆಮೇಲೆ ಮೇಷ್ಟ್ರು. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳ ಸಾಲು ಇರುತ್ತದೆ, ಪಾಪಿ ಅಂತಾರೆ. ಎರಡು ಬಿಳಿ ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ, ನಾಲ್ಕೂ ಬಿಳಿಯಾದರೆ ತೀರಾ ಮೇಲೆ. ನಿಲ್ಲಿಸಿದ ವಿಮಾನದಿಂದ ನಾವು ಅವರನ್ನೇ ನೋಡುತ್ತಿದ್ದೆವು. "ಮೂರು ಬಿಳಿ" ಅಂದರು ಮೇಷ್ಟ್ರು. ಸ್ವಲ್ಪ ಹೊತ್ತಿಗೆ, "ನಾಲ್ಕೂ ಬಿಳಿ, ವೇಗ 125." ಯಾರೂ ಉಸಿರೆತ್ತಲಿಲ್ಲ. "ಗೋ ಅರೌಂಡ್" ಅಂತ ಅವರೇ ಹೇಳಿ ಥ್ರಾಟಲ್ ಮುಂದೆ ತಳ್ಳಿದರು.

ಜೆಟ್ ಎಂಜಿನ್ ತಳ್ಳಿದ ಕೂಡಲೇ ಎದ್ದು ಓಡುವಂಥದ್ದಲ್ಲ. ಮೇಲಿಂದ ಬರುತ್ತಿದ್ದೇವೆ ಅಂತ ಥ್ರಾಟಲ್ ಅನ್ನು ಪೂರ್ತಿ ಐಡಲ್‌ಗೆ, ಅಂದರೆ ಎಂಜಿನ್ ಸುಮ್ಮನೆ ತಿರುಗುವಷ್ಟಕ್ಕೆ, ಎಳೆದು ಇಟ್ಟಿದ್ದರೆ, ಒಳಗಿನ ಫ್ಯಾನ್ ಮತ್ತೆ ವೇಗ ಹಿಡಿಯಲು ಕೆಲವು ಸೆಕೆಂಡ್ ಬೇಕು. ಮೀಟರ್‌ನಲ್ಲಿ ಅಂಕಿ ಮೊದಲು ತೆವಳುತ್ತದೆ, ಆಮೇಲೆ ಒಮ್ಮೆಲೇ ಏರುತ್ತದೆ. ಆ ಸೆಕೆಂಡುಗಳಲ್ಲಿ ವಿಮಾನ ಇನ್ನೂ ಇಳಿಯುತ್ತಲೇ ಇರುತ್ತದೆ. ಮೇಷ್ಟ್ರ ವಿಮಾನ ಹಾಗೇ ಸ್ವಲ್ಪ ಕುಸಿದು, ಆಮೇಲೆ ಮೂಗೆತ್ತಿ ನಮ್ಮ ತಲೆ ಮೇಲಿಂದ ಸಮುದ್ರದ ಕಡೆ ಹೋಯಿತು. ಹಿಂದಿದ್ದ ಹುಡುಗ ಕೇಳುವ ಮುಂಚೆಯೇ, "ನೀವು ಸುತ್ತು ಹಾಕಿ ಬರ್ರಿ ಮೇಷ್ಟ್ರೇ, ನಾನು ಮೊದಲು ಇಳೀತೀನಿ" ಅಂತ ಜಾಗ ಮಾಡಿಕೊಟ್ಟ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದು. ಪುಷ್ಪಕ್‌ಗೆ ಇಲ್ಲದ ಎರಡನೇ ಅವಕಾಶ ನಮಗಿದೆ, ಅದನ್ನು ಬಳಸಿಕೊಳ್ಳೋಕೆ ಧೈರ್ಯ ಬೇಕು ಅಂದರು ಅಕ್ಕ.

ಬೆಳಕು ಇನ್ನೂ ಇತ್ತು. ಹುಡುಗನಿಗೆ ಫೈಟರ್ ಆಸೆ. ಸರಿ, ಅರ್ಧ ಗಂಟೆ ಎಲ್ಲರೂ ಎಫ್/ಎ-18 ಸೂಪರ್ ಹಾರ್ನೆಟ್ ಹಿಡಿದು ಮಲ್ಪೆ ಕಡೆ ಹೋಗಿ ಬಂದೆವು. ಅದರ ಎಫ್414 ಎಂಜಿನ್‌ನ ಇನ್ನೊಂದು ರೂಪವನ್ನೇ ನಮ್ಮ ತೇಜಸ್ ಮಾರ್ಕ್ 2ಕ್ಕೆ ಆರಿಸಿದ್ದಾರೆ. ರೆಕ್ಕೆಗೆ ರೆಕ್ಕೆ ಹತ್ತಿಸಿ ಹಾರೋದು ಮಾತ್ರ ಇಂಟರ್ನೆಟ್‌ನಲ್ಲಿ ಕಷ್ಟ. ಪಕ್ಕದ ವಿಮಾನದ ಜಾಗ ತಡವಾಗಿ ಬಂದು ತಲುಪುವುದರಿಂದ ಅದು ಜಿಗಿಜಿಗಿದು ಕಾಣುತ್ತದೆ. ಅಂತರ ಜಾಸ್ತಿ ಬಿಟ್ಟರೆ ಚೆನ್ನ. ಸೇಂಟ್ ಮೇರೀಸ್ ದ್ವೀಪದ ಮೇಲೆ ತಿರುಗಿ ವಾಪಸ್.

ಶನಿವಾರ: ಮಂಗಳೂರಿನಿಂದ ದಿಲ್ಲಿ

ಇದು ಎರಡೂವರೆ ಗಂಟೆಯ ದಾರಿ. ಡಾಕ್ಟರ ಮನೆಯವರು ಮಿರ್ಚಿ, ಮಂಡಕ್ಕಿ, ಚಹಾ ಕಳಿಸಿದರು. ನೇರ ಗೆರೆ ಎಳೆದರೆ ಹುಬ್ಬಳ್ಳಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಗುರುವಾರ ಹೊರಟ ಜಾಗ ಈಗ 35,000 ಅಡಿ ಕೆಳಗೆ. ಈ ಎತ್ತರದಲ್ಲಿ ಸಿಜೆ4, ಎ320 ಎರಡರ ವೇಗವೂ ಹತ್ತಿರ ಹತ್ತಿರ, ಹಾಗಾಗಿ ಸಾಲು ತಾನಾಗೇ ನಿಲ್ಲುತ್ತದೆ. ಡಾಕ್ಟರು ಹಳೇ ಕಾಲದ ಮಾತು ತೆಗೆದರು. ಮೈಕ್ರೋಸಾಫ್ಟ್‌ನ ಮೊದಲ ಫ್ಲೈಟ್ ಸಿಮ್ಯುಲೇಟರ್ ಬಂದದ್ದು 1982ರಲ್ಲಿ. ಶುರುವಾಗುತ್ತಿದ್ದದ್ದು ಚಿಕಾಗೋದ ಮೀಗ್ಸ್ ಫೀಲ್ಡ್‌ನಿಂದ. ಆ ನಿಲ್ದಾಣ 2003ರಲ್ಲಿ ಮುಚ್ಚಿತು. ನೆಲ ಅಂದರೆ ಒಂದಿಷ್ಟು ಗೆರೆ, ನಗರ ಅಂದರೆ ನಾಲ್ಕು ಡಬ್ಬಿ.

ಔರಂಗಾಬಾದ್ ಹತ್ತಿರ ಬರುವಾಗ ದಾವಣಗೆರೆಯಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇರೋದು ಎರಡು ಕಂಪ್ಯೂಟರಿಗೆ. ಡಾಕ್ಟರದು ಆರಿತು. ಮಿಕ್ಕವರ ಆಕಾಶದಿಂದ ಅವರ ವಿಮಾನ ಮಾಯ.

ಒಬ್ಬರನ್ನು ಬಿಟ್ಟು ಹೋಗುವ ಪದ್ಧತಿ ಇಲ್ಲ. ಹೋಲ್ಡ್ ಮಾಡಿದೆವು. ಅಂದರೆ ಒಂದೇ ಜಾಗದಲ್ಲಿ ಉದ್ದನೆಯ ಮೊಟ್ಟೆಯಾಕಾರದ ಸುತ್ತು: ಬಲಕ್ಕೆ ತಿರುಗು, ಒಂದೂವರೆ ನಿಮಿಷ ನೇರ, ಮತ್ತೆ ಬಲಕ್ಕೆ, ಮತ್ತೆ ಒಂದೂವರೆ ನಿಮಿಷ. ಎಲ್ಲರೂ ಒಂದೇ ಎತ್ತರದಲ್ಲಿ ಸುತ್ತಿದರೆ ಡಿಕ್ಕಿ ಗ್ಯಾರಂಟಿ, ಅದಕ್ಕೆ ಒಬ್ಬೊಬ್ಬರಿಗೆ ಸಾವಿರ ಅಡಿ ವ್ಯತ್ಯಾಸ. ಅಕ್ಕ ಎಲ್ಲರಿಗಿಂತ ಮೇಲೆ, ಕೆಳಗೆ ನಾನು, ಹುಡುಗ, ಮೇಷ್ಟ್ರು. ತಲೆಯೆತ್ತಿದರೆ ಅಕ್ಕನ ವಿಮಾನದ ಹೊಟ್ಟೆ ಕಾಣುತ್ತಿತ್ತು. ಎ320 ಗಂಟೆಗೆ ಎರಡು ಟನ್‌ಗಿಂತ ಜಾಸ್ತಿ ಇಂಧನ ಸುಡುತ್ತದೆ. ಹೊರಡುವ ಮುಂಚೆ ಅಕ್ಕ ಹಟ ಹಿಡಿದು ಎಲ್ಲರಿಗೂ ಜಾಸ್ತಿ ತುಂಬಿಸಿದ್ದು ಆಗ ಕೆಲಸಕ್ಕೆ ಬಂತು.

ಕರೆಂಟ್ ಬಂತು. ಡಾಕ್ಟರು ಮ್ಯಾಪಿನಲ್ಲಿ ನಮ್ಮ ಜಾಗದ ಹತ್ತಿರ ಬೆರಳಿಟ್ಟು, ಗಾಳಿಯಲ್ಲೇ ವಿಮಾನ ಎಬ್ಬಿಸಿಕೊಂಡು ಬಂದು ಸೇರಿಕೊಂಡರು. "ಕಾದ್ರಲ್ಲಪ್ಪಾ, ದೊಡ್ಡ ಉಪಕಾರ" ಅಂದರು. "ಕಾಯೋದನ್ನು ಕಲಿಯೋಕೇ ಬಂದಿದ್ದು ಡಾಕ್ಟ್ರೇ" ಅಂದರು ಮೇಷ್ಟ್ರು. ದಿಲ್ಲಿಗೆ ರಾತ್ರಿ ಇಳಿದೆವು. ದೀಪಗಳ ಸಮುದ್ರ, ಮೇಲೆ ಮಬ್ಬು. ಅದರ ಬಗ್ಗೆ ಹೆಚ್ಚೇನೂ ಇಲ್ಲ.

ಭಾನುವಾರ: ದಿಲ್ಲಿಯಿಂದ ಲೇಹ್

ಬೆಳಗ್ಗೆ ಏಳಕ್ಕೇ ಹಾಲ್‌ನಲ್ಲಿ ಸೇರಿದೆವು. ಬೆಣ್ಣೆ ದೋಸೆ ಪಾರ್ಸೆಲ್ ತಂದಿದ್ದ ಹುಡುಗ. ಲೇಹ್‌ಗೆ ಬೆಳಗ್ಗೆಯೇ ಹೋಗಬೇಕು. ನಿಜವಾದ ವಿಮಾನಗಳೂ ಹೆಚ್ಚಾಗಿ ಹೋಗೋದು ಬೆಳಗ್ಗೆ, ಯಾಕಂದರೆ ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ.

ಮನಾಲಿ ದಾಟಿದ ಮೇಲೆ ಕಿಟಕಿಯ ತುಂಬಾ ಹಿಮ. ಇಲ್ಲಿ ಮೂರರ ಲೆಕ್ಕ ನಡೆಯೋದಿಲ್ಲ. ದಾರಿಗೆ ಅಡ್ಡ ಬೆಟ್ಟಗಳಿವೆ. ಲೇಹ್‌ನ ಪಕ್ಕದಲ್ಲೇ ಇರುವ ಸ್ಟೋಕ್ ಕಾಂಗ್ರಿ 6,100 ಮೀಟರ್ ದಾಟುತ್ತದೆ. ಬೆಟ್ಟ ಮುಗಿಯುವವರೆಗೆ ಮೇಲೇ ಇದ್ದು, ಆಮೇಲೆ ಸಿಂಧೂ ಕಣಿವೆಯ ಒಳಗೆ ಇಳಿದುಕೊಂಡು ಬರಬೇಕು.

ನಿಲ್ದಾಣ ಇರೋದೇ 10,682 ಅಡಿ ಎತ್ತರದಲ್ಲಿ. ಗುರುವಾರ ನಾವು ದಾವಣಗೆರೆಯ ಮೇಲೆ ಹಾರಿದ್ದಕ್ಕಿಂತ ಇಲ್ಲಿ ನೆಲವೇ ಎತ್ತರ. ಗಾಳಿ ತೆಳು. ಮೀಟರ್ 135 ನಾಟ್ ತೋರಿಸುತ್ತಿದ್ದರೆ ನಿಜವಾಗಿ ಓಡುತ್ತಿರೋದು 160ರ ಆಸುಪಾಸು. ಮಂಗಳೂರಿನಲ್ಲಿ ಕಂಡ ಅದೇ ಅಂಕಿ, ಆದರೆ ಗೋಡೆಗಳು ಎರಡೂ ಕಡೆ ಸರಸರ ಹಿಂದೆ ಹೋಗುತ್ತವೆ. ತಿರುಗಲು ಜಾಗ ಜಾಸ್ತಿ ಬೇಕು, ನಿಲ್ಲಲು ಉದ್ದ ಜಾಸ್ತಿ ಬೇಕು, ಎಂಜಿನ್‌ಗೆ ಬಲ ಕಮ್ಮಿ. ಹಾಗಾಗಿ ಅಂತರ ಐದು ನಿಮಿಷ ಇಟ್ಟೆವು. ಮುಂದಿನವರು ಮೇಲೇರಿದರೂ ಹಿಂದಿನವರಿಗೆ ತಾಗಬಾರದು.

ಇಲ್ಲಿ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮದ ಕಡೆಯಿಂದ ಬಂದು ಇಳಿಯುತ್ತವೆ, ಅದೇ ಕಡೆಗೆ ತಿರುಗಿ ಏರುತ್ತವೆ. ಕೊನೆಗೆ ಸ್ಪಿಟುಕ್ ಮಠ ಇರುವ ದಿಬ್ಬ, ಅದರಾಚೆ ರನ್‌ವೇ. ಮುಂದೆ ಇದ್ದದ್ದು ಅಕ್ಕ. "ಸಾವಿರ ಅಡಿ. ವೇಗ ಸರಿ, ಗೇರ್ ಇಳಿದಿದೆ, ಫ್ಲ್ಯಾಪ್ ಪೂರ್ತಿ, ದಾರಿ ಸರಿ." ತರಗತಿಯಲ್ಲಿ ಪಾಠ ಓದುವ ದನಿಯಲ್ಲೇ ಹೇಳಿ ಇಳಿಸಿದರು. ಐದು ನಿಮಿಷಕ್ಕೆ ಡಾಕ್ಟರು. ಆಮೇಲೆ ನಾನು. ಹುಡುಗ. ಎಲ್ಲರಿಗಿಂತ ಹಿಂದೆ ಮೇಷ್ಟ್ರು, ಎರಡು ಬಿಳಿ ಎರಡು ಕೆಂಪು ಅಲ್ಲಾಡದ ಹಾಗೆ ಹಿಡಿದುಕೊಂಡು ಬಂದರು. ಮೈಕ್‌ನಲ್ಲಿ ಚಪ್ಪಾಳೆ.

ಅಲ್ಲೇ ಮುಂದಿನ ಮಾತು ಎದ್ದಿತು. ಬಾಗ್ಡೋಗ್ರಾದಿಂದ ಭೂತಾನದ ಪಾರೋಗೆ ಹೋಗೋಣ ಅಂದ ಹುಡುಗ. ಅಲ್ಲಿ ಕಣಿವೆಯಲ್ಲಿ ಬಳಸಿಕೊಂಡು, ಕೊನೆ ಗಳಿಗೆಯಲ್ಲಿ ರನ್‌ವೇಗೆ ತಿರುಗಬೇಕು. ಆಟೋಪೈಲಟ್ ನೆಚ್ಚಿಕೊಂಡರೆ ಆಗೋದಿಲ್ಲ. ಸಿಜೆ4 ಮಾತ್ರ ತಗೊಂಡು ಹೋಗೋಣ ಅಂತ ತೀರ್ಮಾನ ಆಯಿತು. ಲೀಡ್ ಅವನದೇ. ಚಾರ್ಟ್ ಓದಿಕೊಂಡು ಬರೋದು ಎಲ್ಲರ ಕೆಲಸ. ಡಾಕ್ಟರು ಮೂರನೇ ಯುಪಿಎಸ್‌ಗೆ ಹೇಳಿಟ್ಟಿದ್ದಾರೆ.